ಇಂಜಿನ್ ಸೈಕಲ್ ಓಡುತ್ತಾ ಓಡುತ್ತಾ ಆಫ್ ಆಗುತ್ತಿದೆಯಾ? ಪಾರ್ಟ್ಸ್ ಬದಲಿಸುವ ಮುಂಚೆ ಇಷ್ಟು ನೋಡಿ

ಸೈಕಲ್‌ಗೆ ಇಂಜಿನ್ ಕಿಟ್ ಹಾಕಿಸಿಕೊಂಡವರು ಪದೇ ಪದೇ ಕೇಳುವ ಪ್ರಶ್ನೆ ಇದು. "ಚೆನ್ನಾಗೇ ಓಡ್ತಿರುತ್ತೆ, ಇದ್ದಕ್ಕಿದ್ದ ಹಾಗೆ ಆಫ್ ಆಗುತ್ತೆ. ಸ್ವಲ್ಪ ಹೊತ್ತು ಬಿಟ್ಟು ತುಳಿದರೆ ಮತ್ತೆ ಸ್ಟಾರ್ಟ್. ಏನಾಗಿರಬಹುದು?" ಅದರ ಹಿಂದೆಯೇ ಇನ್ನೊಂದು ಮಾತೂ ಇರುತ್ತದೆ: "ಪ್ಲಗ್ ಬದಲಿಸಿದೆ, ಸಿಡಿಐ ಬದಲಿಸಿದೆ, ಕಾರ್ಬೊರೇಟರ್ ಕೂಡ ಹೊಸದು ಹಾಕಿದೆ. ಏನೂ ಉಪಯೋಗ ಆಗಲಿಲ್ಲ." (ಸಿಡಿಐ ಅಂದರೆ ಪ್ಲಗ್ಗಿಗೆ ಕಿಡಿಯ ಕರೆಂಟ್ ಕೊಡುವ ಪೆಟ್ಟಿಗೆ, ಕಾರ್ಬೊರೇಟರ್ ಅಂದರೆ ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್‌ಗೆ ಕೊಡುವ ಭಾಗ.)

ಪೂರ್ತಿ ಕೆಟ್ಟು ನಿಂತ ಇಂಜಿನ್ ರಿಪೇರಿ ಮಾಡುವುದು ಅಷ್ಟೇನೂ ಕಷ್ಟವಲ್ಲ. ಆಗಾಗ ಕೈಕೊಡುವ ಇಂಜಿನ್ನೇ ತಲೆನೋವು. ನೀವು ಸ್ಪ್ಯಾನರ್ ಹಿಡಿದು ಕೂರುವ ಹೊತ್ತಿಗೆ ಅದು ಸರಿಯಾಗಿಬಿಟ್ಟಿರುತ್ತದೆ! ಹಾಗಾಗಿ ಇಲ್ಲಿ ಸುಳಿವು ಸಿಗುವುದು ಎರಡೇ ಕಡೆ: ಇಂಜಿನ್ ಯಾವ ರೀತಿ ಆಫ್ ಆಯಿತು ಅನ್ನುವುದರಲ್ಲಿ, ಮತ್ತು ಆಫ್ ಆದ ಮೇಲಿನ ಮೊದಲ ಒಂದೆರಡು ನಿಮಿಷದಲ್ಲಿ. ಅದನ್ನು ಬಿಟ್ಟು ಮನೆಗೆ ತಳ್ಳಿಕೊಂಡು ಬಂದು ಮರುದಿನ ನೋಡಿದರೆ ಅರ್ಧ ಸಾಕ್ಷಿ ಹೋಗಿರುತ್ತದೆ.

ಈ ಲೇಖನ ಮುಖ್ಯವಾಗಿ ಟೂ ಸ್ಟ್ರೋಕ್ (ಪೆಟ್ರೋಲಿಗೇ ಆಯಿಲ್ ಬೆರೆಸಿ ಹಾಕುವ) ಕಿಟ್ ಇಂಜಿನ್‌ಗಳ ಬಗ್ಗೆ. ಅಂದರೆ 48 ಸಿಸಿ, ಮತ್ತು 80 ಸಿಸಿ ಅಂತ ಮಾರುವ, ನಿಜಕ್ಕೂ 66 ಸಿಸಿ ಇರುವ ಇಂಜಿನ್‌ಗಳು. ಫೋರ್ ಸ್ಟ್ರೋಕ್ ಇಂಜಿನ್‌ಗೂ ಬಹುಪಾಲು ಹೊಂದುತ್ತದೆ. ಒಂದೇ ಒಂದು ವ್ಯತ್ಯಾಸ ಹೇಳಿಬಿಡುತ್ತೇನೆ: ಕೆಲವು ಫೋರ್ ಸ್ಟ್ರೋಕ್ ಇಂಜಿನ್‌ಗಳಲ್ಲಿ ಆಯಿಲ್ ಕಡಿಮೆಯಾದರೆ ಇಂಜಿನ್ ನಿಲ್ಲಿಸುವ ಸೆನ್ಸರ್ ಇರುತ್ತದೆ. ಏರು ಹತ್ತುವಾಗ ಮಾತ್ರ ಆಫ್ ಆಗುತ್ತಿದ್ದರೆ ಬೇರೆ ಏನೂ ಮುಟ್ಟುವ ಮೊದಲು ಆಯಿಲ್ ಮಟ್ಟ ನೋಡಿ.

ಏನೇನು ಬೇಕು

ಪ್ಲಗ್ ಸ್ಪ್ಯಾನರ್, 8 ಮತ್ತು 10 ನಂಬರ್ ಸ್ಪ್ಯಾನರ್, ಎರಡು ಥರದ ಸ್ಕ್ರೂ ಡ್ರೈವರ್, ಕಟಿಂಗ್ ಪ್ಲೇಯರ್, ಒಂದು ಸೂಜಿ, ಕಾರ್ಬೊರೇಟರ್ ಕ್ಲೀನರ್ ಸ್ಪ್ರೇ, ಒಳಗಡೆ ಕಾಣುವಂಥ ಗಾಜಿನ ಬಾಟಲಿ, ಇನ್ಸುಲೇಶನ್ ಟೇಪ್, ಗೊತ್ತಿರುವಂತೆ ಚೆನ್ನಾಗಿರುವ ಇನ್ನೊಂದು ಪ್ಲಗ್. ಸಾಧಾರಣ ಮಲ್ಟಿಮೀಟರ್ ಒಂದಿದ್ದರೆ ಒಳ್ಳೆಯದು. ಸಿಡಿಐ ಅಂದಾಜಿನ ಮೇಲೆ ಬದಲಿಸುವ ಖರ್ಚು ಅದರಿಂದ ಉಳಿಯುತ್ತದೆ.

ಪೆಟ್ರೋಲ್ ಪೈಪ್, ಕಾರ್ಬೊರೇಟರ್ ಬಿಚ್ಚುವ ಕೆಲಸ ಹೊರಗಡೆ, ಇಂಜಿನ್ ತಣ್ಣಗಾದ ಮೇಲೆ ಮಾಡಿ. ಪೆಟ್ರೋಲ್ ತೆರೆದಿಟ್ಟ ಜಾಗದಲ್ಲಿ ಸ್ಪಾರ್ಕ್ ಪರೀಕ್ಷೆ ಬೇಡವೇ ಬೇಡ.

ಹಂತ 1: ಹೇಗೆ ಆಫ್ ಆಯಿತು?

ಮುಂದಿನ ಸಲ ಆಫ್ ಆಗುವಾಗ ಸಿಟ್ಟು ಮಾಡಿಕೊಳ್ಳದೆ ಕಿವಿಗೊಡಿ.

ಯಾವ ಮುನ್ಸೂಚನೆಯೂ ಇಲ್ಲದೆ ಟಕ್ ಅಂತ ನಿಂತರೆ ಕರೆಂಟ್ ಕಡೆಯ ತೊಂದರೆ. ವೈರ್, ಕಿಲ್ ಸ್ವಿಚ್ (ಹ್ಯಾಂಡಲ್ ಮೇಲಿನ, ಇಂಜಿನ್ ನಿಲ್ಲಿಸುವ ಸ್ವಿಚ್), ಪ್ಲಗ್ ಕ್ಯಾಪ್, ಕಾಯಿಲ್ (ತಿರುಗುವ ಮ್ಯಾಗ್ನೆಟ್ ಪಕ್ಕ ಕೂತು ಕರೆಂಟ್ ಹುಟ್ಟಿಸುವ ತಾಮ್ರದ ಸುರುಳಿ), ಸಿಡಿಐ ಇವುಗಳಲ್ಲಿ ಒಂದು. ಮೊದಲು ಪಿಕಪ್ ಬಿದ್ದು, ಆಕ್ಸಿಲರೇಟರ್ ತಿರುವಿದಷ್ಟೂ ಇನ್ನೂ ಸೋತು, ಕೊನೆಗೆ ನಿಂತರೆ ಪೆಟ್ರೋಲ್ ಸಾಲುತ್ತಿಲ್ಲ. ಗುಡುಗುಡು ಅಂತ ಮಂಕಾಗಿ, ಹೊಗೆ ಜಾಸ್ತಿಯಾಗಿ ನಿಂತರೆ ಪೆಟ್ರೋಲ್ ಅಗತ್ಯಕ್ಕಿಂತ ಹೆಚ್ಚು ಹೋಗುತ್ತಿದೆ.

ಎಲ್ಲಿ, ಯಾವಾಗ ಅನ್ನುವುದೂ ಅಷ್ಟೇ ಮುಖ್ಯ. ಗುಂಡಿಗೆ ಬಿದ್ದಾಗಲೆಲ್ಲ ಕಟ್ ಆಗುತ್ತದೆ ಅಂದರೆ ಲೂಸ್ ಕನೆಕ್ಷನ್. ಹ್ಯಾಂಡಲ್ ತಿರುಗಿಸಿದಾಗ ಕಟ್ ಆದರೆ ಕಿಲ್ ಸ್ವಿಚ್ಚಿನ ವೈರ್ ಎಲ್ಲೋ ಉಜ್ಜುತ್ತಿದೆ. ಮಳೆಯಲ್ಲಿ ಅಥವಾ ಗಾಡಿ ತೊಳೆದ ಮೇಲೆ ಅಂದರೆ ಪ್ಲಗ್ ಕ್ಯಾಪ್, ಇಲ್ಲವೇ ಮ್ಯಾಗ್ನೆಟ್ ಕವರ್ ಒಳಗಿನ ತೇವ. ತಣ್ಣಗಿದ್ದಾಗ ಸರಿ, ಹತ್ತು ಹದಿನೈದು ನಿಮಿಷ ಓಡಿದ ಮೇಲೆ ಆಫ್, ಆರಿದ ಮೇಲೆ ಮತ್ತೆ ಸರಿ ಅಂದರೆ ಎರಡು ದಾರಿ ಇವೆ: ಟ್ಯಾಂಕ್ ಮುಚ್ಚಳದ ತೂತು ಕಟ್ಟಿದೆ, ಇಲ್ಲವೇ ಬಿಸಿಗೆ ಕಾಯಿಲ್ ಅಥವಾ ಸಿಡಿಐ ಕೈಕೊಡುತ್ತಿದೆ. ಇವೆರಡೂ ಹೊರಗಿನಿಂದ ಒಂದೇ ಥರ ಕಾಣುತ್ತವೆ. ಬಹಳ ಜನ ಎಡವುವುದು ಇಲ್ಲೇ. ಬೇರ್ಪಡಿಸುವುದು ಹೇಗೆ ಅಂತ ಮುಂದಿನ ಹಂತದಲ್ಲಿದೆ.

ಒಂದು ಎಚ್ಚರಿಕೆ. ಆಫ್ ಆಗುವಾಗ ಹಿಂದಿನ ಚಕ್ರವೇ ಹಿಡಿದುಕೊಂಡ ಹಾಗಾದರೆ ಅದು ಸೀಜ್. ಅಂದರೆ ಬಿಸಿಗೆ ಪಿಸ್ಟನ್ ಸಿಲಿಂಡರ್‌ಗೆ ಕಚ್ಚಿಕೊಂಡಿದೆ. ತಕ್ಷಣ ಕ್ಲಚ್ ಹಿಡಿಯಿರಿ, ಇಲ್ಲದಿದ್ದರೆ ಬೀಳುತ್ತೀರಿ. ಆರಿದ ಮೇಲೆ ಸ್ಟಾರ್ಟ್ ಆಯಿತು ಅಂತ ಮತ್ತೆ ಓಡಿಸಬೇಡಿ. ನೇರವಾಗಿ ಹಂತ 7ಕ್ಕೆ ಹೋಗಿ.

ಹಂತ 2: ನಿಂತ ಜಾಗದಲ್ಲೇ ಎರಡು ನಿಮಿಷ

ಗಾಡಿಯನ್ನು ಬದಿಗೆ ತಂದು ನಿಲ್ಲಿಸಿ. ತುಳಿದು ಸ್ಟಾರ್ಟ್ ಮಾಡಲು ಹೋಗಬೇಡಿ. ಮೊದಲು ಟ್ಯಾಂಕಿನ ಮುಚ್ಚಳದ ಹತ್ತಿರ ಕಿವಿಯಿಟ್ಟು ಮೆಲ್ಲಗೆ ಸಡಿಲಿಸಿ. "ಸುಸ್" ಅಂತ ಗಾಳಿ ಒಳಗೆ ಎಳೆದುಕೊಂಡ ಸದ್ದು ಕೇಳಿತಾ? ಹಾಗಿದ್ದರೆ ಕಳ್ಳ ಸಿಕ್ಕ. ಎಣ್ಣೆ ಡಬ್ಬಕ್ಕೆ ಒಂದೇ ತೂತು ಮಾಡಿದರೆ ಎಣ್ಣೆ ಸುರಿಯುವುದಿಲ್ಲವಲ್ಲ, ಹಾಗೆಯೇ ಇದು. ಪೆಟ್ರೋಲ್ ಕೆಳಗೆ ಇಳಿಯಬೇಕಾದರೆ ಮೇಲಿನಿಂದ ಗಾಳಿ ಬರಬೇಕು. ಅದಕ್ಕೆ ಮುಚ್ಚಳದಲ್ಲಿ ಸಣ್ಣ ತೂತು ಇರುತ್ತದೆ. ಧೂಳು ತುಂಬಿದರೆ, ಇಲ್ಲವೇ ಒಳಗಿನ ರಬ್ಬರ್ ವಾಷರ್ ಅದರ ಮೇಲೆ ಸರಿದು ಕೂತರೆ ಗಾಳಿ ಬಂದ್. ಕಾರ್ಬೊರೇಟರ್ ಬಟ್ಟಲಿನಲ್ಲಿ ಇರುವಷ್ಟು ಪೆಟ್ರೋಲ್ ಮುಗಿಯುವ ತನಕ ಇಂಜಿನ್ ಓಡುತ್ತದೆ, ಆಮೇಲೆ ಸೊರಗಿ ನಿಲ್ಲುತ್ತದೆ. ನೀವು ಕಾಯುತ್ತಾ ನಿಂತಾಗ ಗಾಳಿ ಸ್ವಲ್ಪ ಸ್ವಲ್ಪ ಒಳಗೆ ನುಸುಳಿ ಬಟ್ಟಲು ಮತ್ತೆ ತುಂಬುತ್ತದೆ. "ಆರಿದ ಮೇಲೆ ಸರಿಹೋಯ್ತು" ಅನಿಸುವುದು ಅದಕ್ಕೇ.

ಸದ್ದು ಬರಲಿಲ್ಲ ಅಂದರೆ ಪ್ಲಗ್ ಬಿಚ್ಚಿ. ಬಿಸಿ ಇರುತ್ತದೆ, ಬಟ್ಟೆ ಹಿಡಿದು ಬಿಚ್ಚಿ. ತುದಿ ಒದ್ದೆಯಾಗಿದ್ದರೆ ಪೆಟ್ರೋಲ್ ಬರುತ್ತಿದೆ, ಅದನ್ನು ಸುಡುವ ಕರೆಂಟ್ ಇಲ್ಲ, ಅಥವಾ ಪೆಟ್ರೋಲೇ ಜಾಸ್ತಿಯಾಗಿದೆ. ಒಣಗಿ ಬೆಳ್ಳಗಿದ್ದರೆ ಪೆಟ್ರೋಲ್ ತಲುಪುತ್ತಿಲ್ಲ. ಕಾಫಿಪುಡಿ ಬಣ್ಣ ಇದ್ದು ಟಕ್ ಅಂತ ನಿಂತಿದ್ದರೆ ಕರೆಂಟ್ ಕಡೆಯನ್ನೇ ನೋಡಿ.

ಇನ್ನು ಸ್ಪಾರ್ಕ್. ಪ್ಲಗ್ಗನ್ನು ಕ್ಯಾಪಿಗೆ ಸಿಕ್ಕಿಸಿ, ಅದರ ಥ್ರೆಡ್ ಇರುವ ಲೋಹದ ಭಾಗ ಸಿಲಿಂಡರ್ ಹೆಡ್ಡಿಗೆ ಚೆನ್ನಾಗಿ ತಾಗುವ ಹಾಗೆ ಇಡಿ. ಪ್ಲಗ್ ತೂತಿನಿಂದ ಪೆಟ್ರೋಲ್ ಆವಿ ಬರುವುದರಿಂದ ಅದನ್ನು ಬಟ್ಟೆಯಿಂದ ಮುಚ್ಚಿ, ಪ್ಲಗ್ ದೂರ ಇರಲಿ. ಹಿಂದಿನ ಚಕ್ರ ಎತ್ತಿ, ಕ್ಲಚ್ ಬಿಟ್ಟು, ಇನ್ನೊಬ್ಬರ ಕೈಲಿ ಪೆಡಲ್ ತಿರುಗಿಸಿ. ನೀಲಿ ಕಿಡಿ ಚಟಪಟ ಹೊಡೆಯಬೇಕು. ಹಳದಿ ಬಣ್ಣದ ಬಡಕಲು ಕಿಡಿ ಲೆಕ್ಕಕ್ಕಿಲ್ಲ. ಪ್ಲಗ್ ಎಲ್ಲೂ ತಾಗದೆ ಗಾಳಿಯಲ್ಲಿ ನೇತಾಡುವಾಗ ಇಂಜಿನ್ ತಿರುಗಿಸಬೇಡಿ. ಸಿಡಿಐ ಸುಟ್ಟುಹೋಗಬಹುದು.

ಹಂತ 3: ಕಿಲ್ ಸ್ವಿಚ್ ಕಳಚಿ ನೋಡಿ

ಟಕ್ ಅಂತ ಆಫ್ ಆಗುವ ಗಾಡಿಗಳಲ್ಲಿ ನಾನು ಮೊದಲು ಅನುಮಾನ ಪಡುವುದು ಇದನ್ನೇ. ಪೈಸೆ ಖರ್ಚಿಲ್ಲದೆ ನೋಡಬಹುದಾದ್ದೂ ಇದನ್ನೇ.

ಮನೆಯ ಲೈಟ್ ಸ್ವಿಚ್ಚಿಗೂ ಇದಕ್ಕೂ ಒಂದು ವ್ಯತ್ಯಾಸ ಇದೆ. ಅಲ್ಲಿ ವೈರ್ ಸೇರಿದರೆ ಆನ್. ಇಲ್ಲಿ ಸೇರಿದರೆ ಆಫ್. ಕಿಲ್ ಸ್ವಿಚ್ ಒತ್ತಿದಾಗ ಅದು ಕಾಯಿಲಿನ ಕರೆಂಟನ್ನು ಗಾಡಿಯ ಬಾಡಿಗೆ ಇಳಿಸಿಬಿಡುತ್ತದೆ, ಅರ್ತ್ ಮಾಡುತ್ತದೆ. ಅಂದರೆ ಆ ವೈರಿನ ಮೇಲಿನ ಪ್ಲಾಸ್ಟಿಕ್ ಎಲ್ಲಾದರೂ ಸವೆದು ತಾಮ್ರ ಒಂದು ಕ್ಷಣ ಫ್ರೇಮಿಗೆ ತಾಗಿದರೂ ಸಾಕು, ಇಂಜಿನ್ ಕಟ್. ಗುಂಡಿ ದಾಟಿದ ಮೇಲೆ ತಾನೇ ಸರಿ. ಸ್ವಿಚ್ಚಿನೊಳಗೆ ನೀರು ಹೋದರೂ ಇದೇ ಕಥೆ.

ಹ್ಯಾಂಡಲ್‌ನಿಂದ ಬರುವ ಕಿಲ್ ಸ್ವಿಚ್ ವೈರ್ ಎರಡನ್ನೂ ಕಳಚಿ, ತುದಿಗಳಿಗೆ ಟೇಪ್ ಸುತ್ತಿ ಓಡಿಸಿ ನೋಡಿ. ಈಗ ಸ್ವಿಚ್‌ನಿಂದ ಇಂಜಿನ್ ನಿಲ್ಲಿಸಲು ಆಗುವುದಿಲ್ಲ ಅನ್ನುವುದು ನೆನಪಿರಲಿ. ಚೋಕ್ ಪೂರ್ತಿ ಹಾಕಿ, ಇಲ್ಲವೇ ಗಾಡಿ ನಿಂತ ಮೇಲೆ ಬ್ರೇಕ್ ಬಿಗಿಯಾಗಿ ಹಿಡಿದು ಕ್ಲಚ್ ಬಿಡಿ, ನಿಲ್ಲುತ್ತದೆ. ಜನ, ವಾಹನ ಇಲ್ಲದ ಜಾಗದಲ್ಲಿ ಇದನ್ನು ಒಮ್ಮೆ ಅಭ್ಯಾಸ ಮಾಡಿಕೊಂಡೇ ಹೊರಡಿ. ತೊಂದರೆ ಮಾಯವಾದರೆ ಹೊಸ ಸ್ವಿಚ್, ಹೊಸ ವೈರ್ ಹಾಕಿ. ಸ್ವಿಚ್ಚೇ ಬೇಡ ಅಂತ ಹಾಗೇ ಬಿಡಬೇಡಿ. ಆಕ್ಸಿಲರೇಟರ್ ಕೇಬಲ್ ಸಿಕ್ಕಿಹಾಕಿಕೊಂಡ ದಿನ ಅದೇ ನಿಮ್ಮನ್ನು ಕಾಯುವುದು.

ಕಳಚಿದರೂ ಕಟ್ ಆಗುತ್ತಿದ್ದರೆ ಮ್ಯಾಗ್ನೆಟ್‌ನಿಂದ ಸಿಡಿಐಗೆ ಹೋಗುವ ನೀಲಿ ಮತ್ತು ಕಪ್ಪು ವೈರ್ ಕಡೆ ಬನ್ನಿ. ಕಿಟ್ ಜೊತೆ ಬರುವ ಒತ್ತಿ ಸಿಕ್ಕಿಸುವ ಜಾಯಿಂಟುಗಳ ಮೇಲೆ ನನಗಂತೂ ನಂಬಿಕೆ ಇಲ್ಲ. ಹೊರಗೆ ನೋಡಲು ಗಟ್ಟಿಯಾಗಿರುತ್ತವೆ. ಪ್ಲಾಸ್ಟಿಕ್ ತೋಳು ಹಿಂದಕ್ಕೆ ಸರಿಸಿ ಎರಡು ಬೆರಳಲ್ಲಿ ಮೆಲ್ಲಗೆ ಎಳೆಯಿರಿ. ಕೆಲವೊಮ್ಮೆ ವೈರ್ ಹಾಗೇ ಕೈಗೆ ಬರುತ್ತದೆ, ತುದಿಯಲ್ಲಿ ಹಸಿರು ಹಿಡಿದ ಎರಡು ಮೂರು ಎಳೆ ತಾಮ್ರ ಮಾತ್ರ ಉಳಿದಿರುತ್ತದೆ. ಇಂಜಿನ್ನಿನ ಅದುರಾಟಕ್ಕೆ ಆ ಎಳೆಗಳು ಒಂದು ಸಲ ತಾಗುತ್ತವೆ, ಒಂದು ಸಲ ಬಿಡುತ್ತವೆ. ಆ ಭಾಗ ಕತ್ತರಿಸಿ, ಹೊಸ ತಾಮ್ರ ಬಿಡಿಸಿ, ಸೋಲ್ಡರ್ ಮಾಡಿ, ಮೇಲೆ ಬಿಸಿಗೆ ಕುಗ್ಗುವ ಕೊಳವೆ ಹಾಕಿ. ಬರೀ ತಿರುಚಿ ಟೇಪ್ ಸುತ್ತಿದರೆ ಇದೇ ಲೇಖನ ನೀವು ಮತ್ತೆ ಓದಬೇಕಾಗುತ್ತದೆ.

ಹಳೇ ಕಿಟ್‌ಗಳಲ್ಲಿ ಲೈಟಿಗೆ ಅಂತ ಒಂದು ಬಿಳಿ ವೈರ್ ಇರುತ್ತದೆ. ಅದನ್ನು ಬಳಸದಿದ್ದರೆ ತುದಿಗೆ ಟೇಪ್ ಸುತ್ತಿ ಎಲ್ಲೂ ತಾಗದಂತೆ ಕಟ್ಟಿ. ಅದಕ್ಕೆ ಲೈಟ್ ಹಾಕಿದ್ದರೆ ಕಳಚಿ ನೋಡಿ. ಸ್ಪಾರ್ಕಿಗೆ ಹೋಗಬೇಕಾದ ಕರೆಂಟನ್ನು ಅದು ಹಂಚಿಕೊಳ್ಳುತ್ತದೆ. ವೈರ್ ಬಣ್ಣ ಕಿಟ್‌ನಿಂದ ಕಿಟ್‌ಗೆ ಬೇರೆ ಇರಬಹುದು, ನಿಮ್ಮ ಕಿಟ್ ಜೊತೆ ಬಂದ ಚಿತ್ರ ನೋಡಿಕೊಳ್ಳಿ.

ಹಂತ 4: ಪ್ಲಗ್, ಕ್ಯಾಪ್ ಮತ್ತು ದಪ್ಪ ವೈರ್

ಕಿಟ್ ಜೊತೆ ಬರುವ ಪ್ಲಗ್ ಬದಲಿಸುವುದು ಒಳ್ಳೆಯದೇ. ಎನ್‌ಜಿಕೆ ಬಿ6ಎಚ್‌ಎಸ್ ಇವಕ್ಕೆ ಸಾಮಾನ್ಯವಾಗಿ ಹಾಕುವ ಪ್ಲಗ್. ತುದಿಯ ಸಂದು, ಅಂದರೆ ಗ್ಯಾಪ್, 0.6ರಿಂದ 0.7 ಮಿ.ಮೀ. ಇರಲಿ. ಪ್ಲಗ್ಗಿನ ತಲೆಯ ಮೇಲಿನ ಪುಟ್ಟ ನಟ್ ತಿರುಗುತ್ತದಾ ನೋಡಿ. ಅದು ಲೂಸ್ ಆಗಿದ್ದರೂ ಮಿಸ್ಸಿಂಗ್ (ನಡುನಡುವೆ ಕಿಡಿ ತಪ್ಪುವುದು) ಬರುತ್ತದೆ, ಪ್ಲೇಯರಿನಿಂದ ಬಿಗಿ ಮಾಡಿ.

ಪ್ಲಗ್‌ಗಿಂತ ಕ್ಯಾಪ್ ಜಾಸ್ತಿ ತೊಂದರೆ ಕೊಡುತ್ತದೆ. ಅದು ಸಿಡಿಐನಿಂದ ಪ್ಲಗ್ಗಿಗೆ ಬರುವ ದಪ್ಪ ವೈರಿಗೆ ಸ್ಕ್ರೂ ಥರ ತಿರುಚಿಕೊಂಡು ಕೂತಿರುತ್ತದೆ. ಎಡಕ್ಕೆ ತಿರುಗಿಸಿ ಬಿಚ್ಚಿ. ವೈರಿನ ತುದಿ ಕಪ್ಪಾಗಿದ್ದರೆ ಅರ್ಧ ಸೆಂ.ಮೀ. ಕತ್ತರಿಸಿ ಮತ್ತೆ ಬಿಗಿಯಾಗಿ ತಿರುಗಿಸಿ ಹಾಕಿ. ಆಮೇಲೆ ರಾತ್ರಿ ಕತ್ತಲಲ್ಲಿ ಇಂಜಿನ್ ಸ್ಟಾರ್ಟ್ ಮಾಡಿ, ದೂರದಿಂದ ಆ ವೈರ್ ಮತ್ತು ಕ್ಯಾಪ್ ನೋಡುತ್ತಾ ನಿಲ್ಲಿ. ಎಲ್ಲಾದರೂ ಬಿರುಕು ಬಿಟ್ಟಿದ್ದರೆ ಅಲ್ಲಿಂದ ಫ್ರೇಮಿಗೆ ಸಣ್ಣ ನೀಲಿ ಎಳೆ ಹಾರುವುದು ಕಣ್ಣಿಗೇ ಕಾಣುತ್ತದೆ. ಹಗಲಲ್ಲಿ ಇದು ಕಾಣುವುದಿಲ್ಲ. ಮುಟ್ಟಲು ಹೋಗಬೇಡಿ, ಜೋರಾಗಿ ಹೊಡೆಯುತ್ತದೆ.

ಹಂತ 5: ಕಾಯಿಲ್ ಮತ್ತು ಸಿಡಿಐ

ಸಿಡಿಐ ಅಂದರೆ ಕಾಯಿಲ್ ಕೊಟ್ಟ ಕರೆಂಟನ್ನು ಕೂಡಿಟ್ಟು ಸರಿಯಾದ ಹೊತ್ತಿಗೆ ಪ್ಲಗ್ಗಿಗೆ ಬಿಡುವ ಪೆಟ್ಟಿಗೆ. ಅದಕ್ಕೆ ಹೋಗುವ ವೈರ್ ಕಳಚಿ, ಮ್ಯಾಗ್ನೆಟ್ ಕಡೆಯ ನೀಲಿ ಮತ್ತು ಕಪ್ಪು ವೈರ್ ನಡುವೆ ಮಲ್ಟಿಮೀಟರಿನಲ್ಲಿ ಓಮ್ ಅಳೆಯಿರಿ. ಈ ಕಿಟ್‌ಗಳಲ್ಲಿ ಸಾಮಾನ್ಯವಾಗಿ 300ರಿಂದ 400 ಓಮ್ ಬರುತ್ತದೆ. ಸೊನ್ನೆಯ ಹತ್ತಿರ ಬಂದರೆ ಶಾರ್ಟ್, ಏನೂ ತೋರಿಸದಿದ್ದರೆ ಒಳಗೆ ತುಂಡಾಗಿದೆ.

ತಣ್ಣಗಿದ್ದಾಗ ಒಮ್ಮೆ ಅಳೆದು ಬರೆದಿಟ್ಟುಕೊಳ್ಳಿ. ಆಫ್ ಆದ ತಕ್ಷಣ ಬಿಸಿಯಲ್ಲೇ ಮತ್ತೆ ಅಳೆಯಿರಿ. ತಾಮ್ರ ಬಿಸಿಯಾದಾಗ ಓಮ್ ಸ್ವಲ್ಪ ಏರುವುದು ಸಹಜ, ಹತ್ತು ಇಪ್ಪತ್ತು ಓಮ್ ಹೆಚ್ಚಾಯಿತು ಅಂತ ಗಾಬರಿ ಬೇಡ. ಒಮ್ಮೆಲೇ ಸಾವಿರಕ್ಕೆ ಹಾರಿದರೆ ಅಥವಾ ಮಾಯವಾದರೆ ಕಾಯಿಲ್ ಹೋಗಿದೆ. ಅಳೆಯುವಾಗ ವೈರನ್ನು ಅಲ್ಲಾಡಿಸಿ ನೋಡುವುದನ್ನು ಮರೆಯಬೇಡಿ. ಕಾಯಿಲಿಗೆ ವೈರ್ ಸೋಲ್ಡರ್ ಮಾಡಿದ ಜಾಗದಲ್ಲೇ ಬಿಟ್ಟಿರುವುದುಂಟು.

ಮ್ಯಾಗ್ನೆಟ್ ಕವರ್ ಕೂಡ ಬಿಚ್ಚಿ, ಒಳಗೆ ನೀರಿನ ಪಸೆ ಇದೆಯಾ ನೋಡಿ. ಇದ್ದರೆ ಒರೆಸಿ ಒಣಗಿಸಿ, ವೈರ್ ಹೊರಬರುವ ರಬ್ಬರಿನ ಸುತ್ತ ಸಿಲಿಕೋನ್ ಹಚ್ಚಿ. ಮ್ಯಾಗ್ನೆಟ್ ಹಿಡಿದಿರುವ ನಟ್ ಬಿಗಿಯಾಗಿದೆಯಾ ಅಂತಲೂ ನೋಡಿಬಿಡಿ.

ಕಾಯಿಲ್ ಸರಿ, ವೈರ್ ಸರಿ, ಕಿಲ್ ಸ್ವಿಚ್ ಕಳಚಿದೆ, ಪ್ಲಗ್ ಹೊಸದು, ಆದರೂ ಬಿಸಿಯಲ್ಲಿ ಕಿಡಿ ಇಲ್ಲ. ಇಷ್ಟೂ ಆದ ಮೇಲೆ ಮಾತ್ರ ಸಿಡಿಐ ಬದಲಿಸಿ.

ಹಂತ 6: ಪೆಟ್ರೋಲ್ ದಾರಿ

ಸೊರಗಿ ಸೊರಗಿ ಆಫ್ ಆಗುವ ಗಾಡಿಗೆ ಈ ಹಂತ. ಮೊದಲು ಕಾಕ್ (ಟ್ಯಾಂಕಿನ ಕೆಳಗಿನ ನಲ್ಲಿ) ಮುಚ್ಚಿ, ಕಾರ್ಬೊರೇಟರ್ ಹತ್ತಿರ ಪೈಪ್ ಕಳಚಿ ಬಾಟಲಿಗೆ ಬಿಡಿ. ಟ್ಯಾಂಕ್ ಮುಚ್ಚಳ ಹಾಕಿಯೇ ಕಾಕ್ ತೆರೆಯಿರಿ. ಎರಡು ಮೂರು ನಿಮಿಷ ಒಂದೇ ಸಮನೆ ಧಾರೆ ಬರಬೇಕು. ಬರಬರುತ್ತಾ ಸಣ್ಣಗಾಗಿ ಮುಚ್ಚಳ ತೆಗೆದ ಕೂಡಲೇ ಜೋರಾದರೆ ಮುಚ್ಚಳದ್ದೇ ದೋಷ. ತೂತನ್ನು ಸೂಜಿಯಿಂದ ಬಿಡಿಸಿ. ಮುಚ್ಚಳ ಟ್ಯಾಂಕಿನ ಮೇಲಿರುವಾಗ ಮಾತ್ರ ಬೇಡ, ಕಸ ಒಳಗೆ ಬೀಳುತ್ತದೆ. ಮೊದಲಿನಿಂದಲೂ ತೊಟ್ಟಿಕ್ಕುತ್ತಿದ್ದರೆ ಕಾಕ್ ಒಳಗಿನ ಜಾಲರಿ ಕಟ್ಟಿದೆ, ಅಥವಾ ಫಿಲ್ಟರ್.

ಫಿಲ್ಟರ್ ದೊಡ್ಡದಾದಷ್ಟೂ ಒಳ್ಳೆಯದು ಅಂತ ಕಾರಿನ ಫಿಲ್ಟರ್ ಹಾಕುವವರಿದ್ದಾರೆ. ಕಾರಿನಲ್ಲಿ ಪಂಪ್ ಇರುತ್ತದೆ, ಇಲ್ಲಿ ಪೆಟ್ರೋಲ್ ತನ್ನ ತೂಕಕ್ಕೆ ತಾನೇ ಇಳಿಯಬೇಕು. ಸಣ್ಣ ಇಂಜಿನ್ನಿನ ಫಿಲ್ಟರ್ ಸಾಕು. ಪೈಪ್ ಎಲ್ಲೂ ಮೇಲೆದ್ದು ಬಾಗದೆ, ಇಂಜಿನ್ ಹೆಡ್ಡಿಗೆ ತಾಗದೆ ಇಳಿಜಾರಾಗಿ ಬರಲಿ.

ಈಗ ಕಾರ್ಬೊರೇಟರ್ ಬಟ್ಟಲು ಬಿಚ್ಚಿ, ಅದರಲ್ಲಿದ್ದ ಪೆಟ್ರೋಲನ್ನು ಚೆಲ್ಲದೆ ಗಾಜಿನ ಬಾಟಲಿಗೆ ಹಾಕಿ ಬೆಳಕಿಗೆ ಹಿಡಿಯಿರಿ. ಆಯಿಲ್ ಬಣ್ಣದ ಪೆಟ್ರೋಲಿನ ಅಡಿಯಲ್ಲಿ ಬಣ್ಣವಿಲ್ಲದ ಗುಂಡು ಗುಂಡು ಹನಿಗಳು ಉರುಳುತ್ತಿವೆಯಾ? ಅದು ನೀರು. ಒಂದು ಹನಿ ಜೆಟ್ಟಿನ ಬಾಯಿಗೆ ಕೂತರೆ ಇಂಜಿನ್ ನಿಲ್ಲುತ್ತದೆ, ಅದು ಪಕ್ಕಕ್ಕೆ ಸರಿದರೆ ಓಡುತ್ತದೆ. ಬಟ್ಟಲು ಮಾತ್ರ ಒರೆಸಿ ಸುಮ್ನೆ ಆಗಬೇಡಿ, ಟ್ಯಾಂಕ್ ಪೂರ್ತಿ ಖಾಲಿ ಮಾಡಿ ಹೊಸ ಪೆಟ್ರೋಲ್ ಹಾಕಿ. ಎಥನಾಲ್ ಬೆರೆತ ಪೆಟ್ರೋಲ್ ತೇವ ಹೀರುತ್ತದೆ, ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಬಿಡುವಂಥದ್ದಲ್ಲ.

ಜೆಟ್ (ಪೆಟ್ರೋಲ್ ಹಾಯುವ ಸಣ್ಣ ತೂತಿನ ಹಿತ್ತಾಳೆ ಸ್ಕ್ರೂ) ಬಿಚ್ಚಿ ಕ್ಲೀನರ್ ಹೊಡೆದು ಬೆಳಕಿಗೆ ಹಿಡಿಯಿರಿ. ತೂತು ಪೂರ್ತಿ ಗುಂಡಗೆ ಕಾಣಬೇಕು. ಸೂಜಿ, ತಂತಿ ತೂರಿಸಬೇಡಿ, ಹಿತ್ತಾಳೆ ಮೆದು, ತೂತು ಹಿಗ್ಗುತ್ತದೆ. ಫ್ಲೋಟ್ (ಬಟ್ಟಲಿನ ಪೆಟ್ರೋಲಿನಲ್ಲಿ ತೇಲುವ ಭಾಗ) ಅಲ್ಲಾಡಿಸಿ ಒಳಗೆ ಪೆಟ್ರೋಲ್ ಸದ್ದು ಬರುತ್ತದಾ ಕೇಳಿ. ಬಂದರೆ ತೂತಾಗಿದೆ, ಅದು ಮುಳುಗಿ ಓವರ್‌ಫ್ಲೋ ಆಗುತ್ತದೆ. ಜೋಡಿಸುವಾಗ ಕಾರ್ಬೊರೇಟರ್ ಪಕ್ಕಕ್ಕೆ ವಾಲದೆ ನೆಟ್ಟಗಿರಲಿ.

ಪೆಟ್ರೋಲ್ ಜಾಸ್ತಿ ಹೋಗುತ್ತಿದೆ ಅಂತಾದರೆ ಕಾರ್ಬೊರೇಟರ್ ಒಳಗೆ ಆಕ್ಸಿಲರೇಟರ್ ಜೊತೆ ಏರಿಳಿಯುವ ಸೂಜಿಯ ಕ್ಲಿಪ್ಪನ್ನು ಒಂದು ಗೆರೆ ಮೇಲಕ್ಕೆ ಹಾಕಿ. ಕಡಿಮೆ ಅಂತಾದರೆ ಒಂದು ಗೆರೆ ಕೆಳಕ್ಕೆ. ಒಂದೇ ಸಲ ಎರಡು ಗೆರೆ ಬೇಡ.

ಹಂತ 7: ಕಳ್ಳಗಾಳಿ ಮತ್ತು ಬಿಸಿ

ಕಾರ್ಬೊರೇಟರ್ ದಾಟಿದ ಮೇಲೆ ಎಲ್ಲಿಂದಲಾದರೂ ಗಾಳಿ ನುಗ್ಗಿದರೆ ಪೆಟ್ರೋಲ್ ಪ್ರಮಾಣ ಕಡಿಮೆಯಾಗುತ್ತದೆ. ಆಕ್ಸಿಲರೇಟರ್ ಬಿಟ್ಟರೂ ಇಂಜಿನ್ ವೇಗ ತಾನೇ ಏರುವುದು, ಐಡ್ಲಿಂಗ್ ಒಂದು ದಿನ ಇದ್ದ ಹಾಗೆ ಇನ್ನೊಂದು ದಿನ ಇಲ್ಲದಿರುವುದು ಇದರ ಗುರುತು. ಕಾರ್ಬೊರೇಟರ್ ಕೂರುವ ಪೈಪ್, ಆ ಪೈಪಿನ ಗ್ಯಾಸ್ಕೆಟ್, ಹೆಡ್ ನಟ್‌ಗಳು, ಕ್ರ್ಯಾಂಕ್ ಸೀಲ್ (ಇಂಜಿನ್ನಿನ ಶಾಫ್ಟ್ ಸುತ್ತಲಿನ ರಬ್ಬರ್ ಸೀಲ್), ಇದೇ ಸಾಲಿನಲ್ಲಿ ನೋಡಿ. ಕೈಯಿಂದ ಅಲ್ಲಾಡಿಸಿದರೆ ಕಾರ್ಬೊರೇಟರ್ ಅಲ್ಲಾಡಬಾರದು. ಇಂಜಿನ್ ಐಡ್ಲಿಂಗಿನಲ್ಲಿರುವಾಗ ಸೋಪು ನೀರನ್ನು ಜಾಯಿಂಟಿನ ಮೇಲೆ ಸಣ್ಣಗೆ ಚಿಮುಕಿಸಿ. ಸದ್ದು ಬದಲಾದರೆ ಅಲ್ಲೇ ಸೋರಿಕೆ. ಓಡುವ ಇಂಜಿನ್ ಮೇಲೆ ಕ್ಲೀನರ್ ಸ್ಪ್ರೇ ಹೊಡೆದು ನೋಡುವ ಪದ್ಧತಿಯೂ ಇದೆ. ಸೈಲೆನ್ಸರ್ ಅಷ್ಟು ಹತ್ತಿರ ಇರುವಾಗ ಬೆಂಕಿ ಹತ್ತುವ ಅಪಾಯ ಇದೆ, ನಾನು ಹೇಳುವುದಿಲ್ಲ.

ಸೀಜ್ ಅನುಭವ ಆದವರು ಇದರ ಜೊತೆ ಆಯಿಲ್ ಅಳತೆಯನ್ನೂ ನೋಡಿ. ಹೊಸ ಇಂಜಿನ್‌ಗೆ 16ಕ್ಕೆ 1, ಅಂದರೆ ಲೀಟರ್ ಪೆಟ್ರೋಲಿಗೆ ಸುಮಾರು 60 ಮಿ.ಲೀ. 2ಟಿ ಆಯಿಲ್. ಪಳಗಿದ ಮೇಲೆ 25ಕ್ಕೆ 1, ಅಂದರೆ 40 ಮಿ.ಲೀ. ಅಂದಾಜಿನ ಮೇಲೆ ಸುರಿಯಬೇಡಿ. ಉದ್ದದ ಇಳಿಜಾರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಮುಚ್ಚಿ ಇಂಜಿನ್ ಹಿಡಿತದಲ್ಲೇ ಇಳಿಯುವುದೂ ಬೇಡ. ಟೂ ಸ್ಟ್ರೋಕ್ ಇಂಜಿನ್ನಿಗೆ ಆಯಿಲ್ ಸಿಗುವುದು ಪೆಟ್ರೋಲ್ ಜೊತೆಗೇ ಅಲ್ವಾ? ಕ್ಲಚ್ ಹಿಡಿದು ಇಳಿಯಿರಿ.

ಹಂತ 8: ಓಡಿಸಿ ನೋಡುವುದು

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಪ್ಲಗ್, ಜೆಟ್, ಸ್ವಿಚ್ ಮೂರನ್ನೂ ಒಟ್ಟಿಗೆ ಮುಟ್ಟಿದರೆ ಸರಿಹೋದರೂ ಯಾವುದರಿಂದ ಅಂತ ತಿಳಿಯುವುದಿಲ್ಲ, ಕೆಟ್ಟರಂತೂ ಇನ್ನೂ ಗೊಂದಲ. ಮೊದಲು ಯಾವ ಸಂದರ್ಭದಲ್ಲಿ ಆಫ್ ಆಗುತ್ತಿತ್ತೋ ಅದೇ ಸಂದರ್ಭದಲ್ಲಿ ಓಡಿಸಿ ನೋಡಬೇಕು. ಬಿಸಿಯಾದ ಮೇಲೆ ಆಗುತ್ತಿದ್ದರೆ ಅರ್ಧ ಗಂಟೆ ಓಡಿಸಿ. ಗುಂಡಿಯಲ್ಲಿ ಆಗುತ್ತಿದ್ದರೆ ಅಂಥ ರಸ್ತೆಗೇ ಹೋಗಿ. ಬೀದಿಯ ಕೊನೆಯವರೆಗೆ ಹೋಗಿ ಬಂದು "ಸರಿಹೋಯ್ತು" ಅನ್ನಬೇಡಿ. ಪ್ಲಗ್ ಸ್ಪ್ಯಾನರ್, ಇನ್ನೊಂದು ಪ್ಲಗ್, ಟೇಪ್ ಜೊತೆಗಿರಲಿ, ಸೈಕಲ್ ಚೈನ್ ಮತ್ತು ಪೆಡಲ್ ಕೂಡ ಸರಿಯಾಗಿರಲಿ. ವಾಪಸ್ ಬಂದ ಮೇಲೆ ಇಂಜಿನ್ ಆರಲು ಬಿಟ್ಟು, ಕಾರ್ಬೊರೇಟರ್ ಕ್ಲಿಪ್, ಸೈಲೆನ್ಸರ್ ನಟ್ ಮತ್ತು ಇಂಜಿನ್ ಕೂರಿಸಿದ ಬೋಲ್ಟ್‌ಗಳನ್ನು ಇನ್ನೊಮ್ಮೆ ಬಿಗಿ ಮಾಡಿ. ಒಂದಾದರೂ ಸಡಿಲ ಆಗಿರುತ್ತದೆ.